ಎಡಕ್ಕೇರುವ ಬಳ್ಳಿ

ಗಿಡಗಳ ಪುಸ್ತಕದ ಮೇಲೆ ನಿಮ್ಮ ಹೆಸರು ಬರುತ್ತದೆ ಎಂದು ಕಾಲೇಜಿನ ಹರ್ಷಿತ ಫೋನು ಮಾಡಿ ಹದಿನೆಂಟು ದಿನವಾಗಿತ್ತು. ಅಂದಿನಿಂದ ಮಂಗಳಮ್ಮನಿಗೆ ತನ್ನ ಹಿತ್ತಲಿಗೆ ಹೋಗಲು ನಾಚಿಕೆ. ಗಂಜಾಮಿನ ಆ ಮನೆಯ ಹಿಂದೆ ಇರುವುದು ನಾಲ್ಕು ಮಂಚ ಹಾಕುವಷ್ಟು ಜಾಗ. ಗಂಡ ತೀರಿಕೊಂಡ ಮೇಲೆ ಅದೇ ಅವಳ ಸಂಸಾರ. ಬಂದ ನೆಂಟರು ನೋಡಿ ಮೂಗು ಮುರಿಯುವಂಥ ಗಿಡಗಳೇ ಎಲ್ಲ. ಗುಲಾಬಿ, ದಾಸವಾಳ ಬೆಳೆಸಲು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನೊಬ್ಬಳು ಸೇರಿದರೆ ಗುಲಾಬಿಗೇನೂ ಹೆಚ್ಚಾಗುವುದಿಲ್ಲ ಎಂಬುದು ಅವಳ ವಾದ. ಒಂದು ಮೂಲೆಯಲ್ಲಿ ಈಶ್ವರಬಳ್ಳಿ. ಅದರ ಹೂವಿನ ಕೊಳವೆಗೆ ಪುಟ್ಟ ನೊಣವೊಂದು ಇಳಿದರೆ ಒಳಗಿನ ಕೂದಲು ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಒಂದು ದಿನ ಸೆರೆಯಲ್ಲಿಟ್ಟು, ಮೈಗೆಲ್ಲ ಪರಾಗ ಬಳಿದು, ಕೂದಲು ಬಾಡಿದ ಮೇಲೆ ಕಳಿಸಿಕೊಡುತ್ತದೆ. ಆ ನೊಣ ಹೊರಬರುವ ಗಳಿಗೆ ನೋಡಲು ಅವಳು ಎಷ್ಟೋ ಬೆಳಿಗ್ಗೆ ಕಾಫಿ ಆರಿಸಿಕೊಂಡಿದ್ದಾಳೆ. ಬೇಲಿಯ ಮೇಲೆ ಗೌರಿಹೂವಿನ ಬಳ್ಳಿ, ಎಲೆಯ ತುದಿಯನ್ನೇ ಬೆರಳು ಮಾಡಿಕೊಂಡು ಹಿಡಿದು ಹತ್ತುವಂಥದ್ದು. ಸುವರ್ಣಗೆಡ್ಡೆ ಎಲೆಗಿಂತ ಮೊದಲು ಹೂ ಬಿಟ್ಟು ಸತ್ತ ಇಲಿಯ ವಾಸನೆ ಹೊಡೆದಾಗ ಪಕ್ಕದ ಮನೆಯ ಶಾಹಜಹಾನ್ ಬೇಗಂ ಗೋಡೆಯಾಚೆಯಿಂದ ಕೂಗುತ್ತಿದ್ದರು: "ಮಂಗಳಮ್ಮಾ, ನಮ್ಮ ಮನೇಲಿ ಅಟ್ಟ ಎಲ್ಲಾ ಹುಡುಕಿದ್ವಿ. ನಿಮ್ಮ ಹೂವಾ ಅದು? ತೌಬಾ ತೌಬಾ, ಹೂವಿಗೆ ಈ ವಾಸನೆನಾ?" ಮಂಗಳಮ್ಮನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ನಾಚಿಕೆ ಇವುಗಳ ಮುಂದೆ ಅಲ್ಲ. ಸೀಬೆಮರದ ಪಕ್ಕ ನೆಟ್ಟ ಕಬ್ಬಿಣದ ಪೈಪಿಗೆ ಸುತ್ತಿಕೊಂಡ ಕಾಡುಗೆಣಸಿನ ಬಳ್ಳಿಯ ಮುಂದೆ. ಅಂಗೈಗಿಂತ ಅಗಲದ ಎಲೆ, ಎಲೆಯ ಬುಡದಲ್ಲಿ ಗಾಳಿಯಲ್ಲೇ ನೇತಾಡುವ ಆಲೂಗಡ್ಡೆಯಂಥ ಗೆಡ್ಡೆ. ನೋಡಿದವರಿಗೆಲ್ಲ ಕಿತ್ತು ಬೇಯಿಸೋಣ ಅನಿಸುತ್ತದೆ. ತಿಂದರೆ ಬಾಯೆಲ್ಲ ಕಹಿ, ಹೊಟ್ಟೆ ತೊಳೆಸಿ ವಾಂತಿ. ಇದರದೇ ದಾಯಾದಿ ಇನ್ನೊಂದಿದೆ. ಅದರ ಎಲೆಯೂ ಹೆಚ್ಚುಕಡಿಮೆ ಹೀಗೇ, ನೇತಾಡುವ ಗೆಡ್ಡೆಯೂ ಹೀಗೇ, ಆದರೆ ಅದನ್ನು ಬೇಯಿಸಿ ಬೆಲ್ಲದ ಜೊತೆ ತಿನ್ನಬಹುದು. ಎರಡನ್ನೂ ದೂರದಿಂದಲೇ ಗುರುತಿಸುವ ದಾರಿ ಒಂದೇ: ಎದುರಿಗೆ ನಿಂತು ನೋಡಿದರೆ ಸಿಹಿಯದು ಕೋಲನ್ನು ಬಲಕ್ಕೆ ಏರುತ್ತ ಸುತ್ತುತ್ತದೆ, ಕಹಿಯದು ಎಡಕ್ಕೆ. ಮಂಗಳಮ್ಮನ ಹಿತ್ತಲಿನದು ಕಹಿಯದು. ಮೂವತ್ತೈದು ವರ್ಷದಿಂದ ಚಳಿಗೆ ಒಣಗಿ, ಮಳೆಗೆ ಮತ್ತೆ ಚಿಗುರಿ, ಪ್ರತಿ ಸಲವೂ ಎಡಕ್ಕೇ ಏರಿದೆ. ಪುಸ್ತಕದ ನಲವತ್ತೊಂದನೇ ಚಿತ್ರದಲ್ಲಿ ಮಾತ್ರ ಅದು ಬಲಕ್ಕೆ ಏರುತ್ತದೆ. ಆ ಚಿತ್ರ ಬರೆದವಳು ಅವಳೇ. ಒಂದು ವರ್ಷ ಯಾರೂ ನೋಡದ ಹೊತ್ತಿನಲ್ಲಿ ಎಳೆಯ ಬಳ್ಳಿಯನ್ನು ಪೈಪಿನಿಂದ ಬಿಡಿಸಿ, ಪುಸ್ತಕದಲ್ಲಿದ್ದಂತೆ ಬಲಕ್ಕೆ ಸುತ್ತಿ, ಬಾಳೆನಾರಿನಿಂದ ಮೂರು ಕಡೆ ಕಟ್ಟಿದ್ದಳು. ಎರಡು ದಿನ ಅದು ಸುಮ್ಮನೆ ನಿಂತಿತು. ಮೂರನೆಯ ಬೆಳಿಗ್ಗೆ ನಾರಿನ ಮೇಲಿನ ತುದಿ ಹೊರಳಿ, ಕೋಲು ಹುಡುಕಿಕೊಂಡು, ಎಡಕ್ಕೆ ಅರ್ಧ ಸುತ್ತು ಹಾಕಿತ್ತು. ಗಿಡದ ಕೈಯಲ್ಲಿ ಸುಳ್ಳು ಹೇಳಿಸಲು ಹೋದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಗಿತ್ತು. ನಾರು ಬಿಚ್ಚಿ ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು.

ಇಂದು ಪಾಂಡವಪುರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರದರ್ಶನ. ಗಿಡಗಳನ್ನು ಹುಡುಕಿದ, ಬರೆದ, ಬೆಳೆಸಿದ ಹೆಂಗಸರ ಬಗ್ಗೆ. ಅದರ ಜೊತೆಗೆ ಹರ್ಷಿತ ಕೊಡುವ ಒಂದು ಹಾಳೆಗೆ ಸಹಿ ಹಾಕಬೇಕು, ಹಾಕಿದರೆ ಪುಸ್ತಕದ ಹೊಸ ಮುದ್ರಣ ಅವಳ ಹೆಸರಿನೊಂದಿಗೆ ಅಚ್ಚಿಗೆ ಹೋಗುತ್ತದೆ. ಬೀಗ ಹಾಕುವಾಗ ಶಾಹಜಹಾನ್ ಬೇಗಂ ಬಾಗಿಲಲ್ಲೇ ಇದ್ದರು. "ಪೇಪರಲ್ಲಿ ಫೋಟೋ ಬರುತ್ತಾ? ಹಂಗಾದ್ರೆ ಈ ಸೀರೆ ಬೇಡ, ಆ ಹಸಿರುದು ಉಡಿ." ಮಂಗಳಮ್ಮ ಮತ್ತೆ ಒಳಗೆ ಹೋಗಿ ಹಸಿರು ಸೀರೆ ಉಟ್ಟು ಬಂದಳು. ಅರವತ್ತಮೂರನೆಯ ವಯಸ್ಸಿನಲ್ಲಿ ಹೆಸರಿಗೋಸ್ಕರ ಸೀರೆ ಬದಲಿಸಿದೆನಲ್ಲ ಎಂದು ಬಸ್ಸು ಕಿರಂಗೂರು ದಾಟುವವರೆಗೂ ಮುಜುಗರ. ಕಂಡಕ್ಟರು ಆಧಾರ್ ಕಾರ್ಡಿನ ಫೋಟೋವನ್ನೂ ಅವಳ ಮುಖವನ್ನೂ ಎರಡೆರಡು ಸಲ ನೋಡಿ, "ನೀವೇನಾ ಇದು?" ಎಂದು ಕೇಳಿ ಟಿಕೆಟ್ಟು ಕೊಟ್ಟ. ಹೌದು ಎಂದಳು. ಎಷ್ಟು ಸಲೀಸಾಗಿ ಬರುತ್ತದೆ ಈ ಹೌದು. ಕೆ.ಆರ್.ಪೇಟೆಯಲ್ಲಿ ಅಪ್ಪನ ಚಿನ್ನದ ಕೆಲಸದ ಅಂಗಡಿಯ ಜಗಲಿಯಲ್ಲಿ ಕೂತು ಅವಳು ಕಲಿತ ಮೊದಲ ವಿದ್ಯೆ ಗೆರೆ, ಎರಡನೆಯದು ಹಿರಿಯರು ಕೇಳಿದ್ದಕ್ಕೆ ಹೌದು ಎನ್ನುವುದು. ನವಿಲಿನ ಓಲೆ ಮಾಡಬೇಕೆಂದರೆ ಅಪ್ಪ ಒಂದು ನವಿಲನ್ನು ಮಾತ್ರ ಟ್ರೇಸಿಂಗ್ ಪೇಪರಿನ ಮೇಲೆ ಅವಳ ಕೈಲಿ ಬರೆಸುತ್ತಿದ್ದ. ಇನ್ನೊಂದು ಕಿವಿಗೆ ಬೇರೆ ಬರೆಯುವಂತಿಲ್ಲ. ಅದೇ ಹಾಳೆಯನ್ನು ಮಗುಚಿ ಹಾಕಿ ಗೆರೆ ಎಳೆದರೆ ನವಿಲು ಆ ಕಡೆ ತಿರುಗಿಕೊಳ್ಳುತ್ತದೆ. "ಎರಡೂ ಮುಖದ ಕಡೆ ನೋಡ್ತಿರ್ಬೇಕು ಕಣಮ್ಮಿ. ಒಂದು ಅತ್ಲಾಗೆ ನೋಡ್ತಾ ಒಂದು ಇತ್ಲಾಗೆ ನೋಡ್ತಾ ಇದ್ರೆ ಗಿರಾಕಿ ವಾಪಸ್ ಎಸೀತಾರೆ" ಎನ್ನುತ್ತಿದ್ದ. ಹಾಳೆ ಮಗುಚುವುದು ಅವಳಿಗೆ ಉಸಿರಾಡಿದಷ್ಟು ಸಹಜ. ಅದರಲ್ಲಿ ತಪ್ಪಿದೆ ಎಂದು ಆ ಮನೆಯಲ್ಲಿ ಯಾರಿಗಾದರೂ ಹೇಗೆ ಹೊಳೆಯಬೇಕು?

ಪ್ರೊಫೆಸರ್ ರಘುನಂದನ್ ಅವಳಿಗೆ ಚಿತ್ರದ ಕೆಲಸ ಕೊಟ್ಟಾಗ ಅವಳು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ, ಇಪ್ಪತ್ತೆಂಟು ವಯಸ್ಸು. ಮೇಲುಕೋಟೆಯ ಬೆಟ್ಟಸಾಲಿನ ಅರವತ್ತು ಗಿಡಗಳು, ಅರವತ್ತು ಚಿತ್ರ. ಬೆಟ್ಟದಲ್ಲಿ ಗಿಡ ತೋರಿಸುತ್ತಿದ್ದವಳು ಚಿನಕುರಳಿಯ ಮಂಚಮ್ಮ. ಸೌದೆಗೆ, ಗೆಣಸಿಗೆ ಎಂದು ಆ ಬೆಟ್ಟವನ್ನೆಲ್ಲ ಕಾಲಲ್ಲಿ ಅಳೆದವಳು, ನಲವತ್ತೈದರ ಗಟ್ಟಿ ಹೆಂಗಸು. ಮಂಚಮ್ಮ ಅಗೆದು ಕೊಡುವಳು, ಮಂಗಳಮ್ಮ ಅಲ್ಲೇ ಬಂಡೆಯ ಮೇಲೆ ಕೂತು ಬರೆಯುವಳು, ರಘುನಂದನ್ ಸಾರ್ ಲ್ಯಾಟಿನ್ ಹೆಸರು ಹೇಳುವರು. ಮಧ್ಯಾಹ್ನ ಮೂವರೂ ಒಂದೇ ಬುತ್ತಿ ಹಂಚಿಕೊಂಡು ತಿಂದದ್ದೂ ಉಂಟು. ಅಂಥ ಒಂದು ದಿನ ಮಂಚಮ್ಮ ಕಹಿಗೆಣಸಿನ ಒಂದು ಗೆಡ್ಡೆಯನ್ನು ಅವಳ ಬ್ಯಾಗಿಗೆ ಹಾಕಿ, "ಇದ ನಿಮ್ಮ ಇತ್ತಲ್ಲಾಗೆ ಆಕ್ಕಳಿ. ತಿನ್ನಕ್ಕಲ್ಲ, ನೋಡಕ್ಕೆ ಚೆಂದ" ಅಂದಿದ್ದಳು. ನೋಡಲು ಚೆಂದ ಎಂಬ ಒಂದೇ ಕಾರಣಕ್ಕೆ ಗಿಡ ಕೊಟ್ಟವರು ಅವಳ ಜೀವನದಲ್ಲಿ ಅಷ್ಟರವರೆಗೆ ಯಾರೂ ಇರಲಿಲ್ಲ. ಚಿತ್ರಗಳೆಲ್ಲ ಮುಗಿದು ಪುಟ ಜೋಡಿಸುವಾಗ ಸಿಹಿಗೆಣಸು ನಲವತ್ತನೇ ಚಿತ್ರವಾಗಿ ಎಡಪುಟಕ್ಕೆ, ಕಹಿಗೆಣಸು ನಲವತ್ತೊಂದನೆಯದಾಗಿ ಎದುರಿನ ಬಲಪುಟಕ್ಕೆ ಬಂತು. ಕಹಿಯ ಬಳ್ಳಿಯ ಗೆಡ್ಡೆಗಳೆಲ್ಲ ಪುಟದ ಹೊರಗೆ ಮುಖ ಮಾಡಿದ್ದವು. ಎರಡು ಪುಟ ಒಂದರ ಮುಖ ಒಂದು ನೋಡುತ್ತಿಲ್ಲ. ಮಂಗಳಮ್ಮ ಯೋಚನೆಯನ್ನೇ ಮಾಡಲಿಲ್ಲ. ಟ್ರೇಸಿಂಗ್ ಪೇಪರು ಮಗುಚಿದಳು, ಐದು ನಿಮಿಷದಲ್ಲಿ ಗೆರೆ ಎಳೆದಳು, ಓಲೆಯ ಜೋಡಿಯಂತೆ ಎರಡು ಪುಟ ಎದುರುಬದುರಾದವು. ಎಲೆಗೆ ಎಡಬಲ ಇಲ್ಲ, ಗೆಡ್ಡೆಗೆ ಇಲ್ಲ. ಬಳ್ಳಿಗೆ ಇತ್ತು.

ಕಾಲೇಜಿನ ಹಾಲಿನಲ್ಲಿ ಹೆಣ್ಣುಮಕ್ಕಳು ಗೋಡೆಯುದ್ದಕ್ಕೂ ಚಾರ್ಟುಗಳನ್ನು ಅಂಟಿಸಿದ್ದರು. ಸಸ್ಯಶಾಸ್ತ್ರದ ಲೆಕ್ಚರರ್ ಹರ್ಷಿತ, ಮೂವತ್ತು ದಾಟಿರದ ಹುಡುಗಿ, ಓಡಿ ಬಂದು ಕೈ ಹಿಡಿದುಕೊಂಡಳು. ಮೊದಲ ಚಾರ್ಟಿನಲ್ಲಿ, ಗಂಡಸಿನ ವೇಷ ಹಾಕಿಕೊಂಡು ಹಡಗು ಹತ್ತಿ ಗಿಡ ಹುಡುಕುತ್ತ ಲೋಕ ಸುತ್ತಿದ ಫ್ರಾನ್ಸಿನ ಹೆಂಗಸು. ಐವತ್ತು ದಾಟಿದ ಮೇಲೆ ಮಗಳನ್ನು ಕರೆದುಕೊಂಡು ಸಮುದ್ರದಾಚೆಯ ಕಾಡಿಗೆ ಹೋಗಿ ಹುಳ ಮತ್ತು ಹೂವನ್ನು ಒಂದೇ ಹಾಳೆಯಲ್ಲಿ ಬರೆದ ಜರ್ಮನಿಯ ಹೆಂಗಸು. ಕಬ್ಬಿನ ತಳಿಗಳ ಮೇಲೆ ದುಡಿದ ಕೇರಳದ ಜಾನಕಿ ಅಮ್ಮಾಳ್. ಇಲ್ಲಿನ ಹುಡುಗಿಯರಿಗೆ ಕಬ್ಬು ಅಂದರೆ ಮನೆಯ ಮಾತು, ಆ ಚಾರ್ಟಿನ ಮುಂದೆಯೇ ಹೆಚ್ಚು ಜನ. ಕೊನೆಯ ಚಾರ್ಟಿನಲ್ಲಿ ದಪ್ಪ ಅಕ್ಷರದಲ್ಲಿ 'ನಮ್ಮವರೇ ಆದ ಮಂಗಳಮ್ಮ' ಎಂದಿತ್ತು. ಮಂಗಳಮ್ಮನಿಗೆ ಮೈ ಜುಮ್ಮೆಂದಿತು. ಸುಳ್ಳಲ್ಲ, ಸಂತೋಷವಾಯಿತು. ಮೂವತ್ತನಾಲ್ಕು ವರ್ಷದ ಹಿಂದಿನ ಮುನ್ನುಡಿಯಲ್ಲಿ ರಘುನಂದನ್ ಸಾರ್ ತಮ್ಮ ಹೆಂಡತಿಗೆ, ಪ್ರೆಸ್ಸಿನವರಿಗೆ, ಜೀಪಿನ ಡ್ರೈವರಿಗೆ ಹೆಸರು ಹಿಡಿದು ವಂದಿಸಿ, ಕೊನೆಯಲ್ಲಿ 'ಚಿತ್ರಗಳನ್ನು ಬರೆದುಕೊಟ್ಟ ಸ್ಥಳೀಯ ಶಿಕ್ಷಕಿಯೊಬ್ಬರಿಗೆ' ಎಂದು ಮುಗಿಸಿದ್ದರು. ಒಬ್ಬರಿಗೆ. ಆ 'ಒಬ್ಬರು' ಎಷ್ಟೋ ದಿನ ಅವಳ ಊಟ ಕೆಡಿಸಿತ್ತು. ಅಪ್ಪ ಒಡವೆಯ ಒಳಮೈಯಲ್ಲಿ ಗುರುತು ಒತ್ತುತ್ತಿದ್ದಂತೆ ಅವಳೂ ಪ್ರತಿ ಚಿತ್ರದ ಬುಡದಲ್ಲಿ, ಬೇರುಗಳ ನಡುವೆ, ಸಾಸಿವೆಯಷ್ಟು ಸಣ್ಣದಾಗಿ 'ಮಂ' ಎಂದು ಬರೆದಿದ್ದಳು. ಅದನ್ನು ಭೂತಗನ್ನಡಿಯಲ್ಲಿ ಕಂಡುಹಿಡಿದು, ಊರೂರು ವಿಚಾರಿಸಿ, ಗಂಜಾಮಿನ ಮನೆಯ ಬಾಗಿಲಿಗೆ ಬಂದವಳು ಹರ್ಷಿತ. ಆದರೆ ಆ ಹುಡುಗಿಗೆ ಹೇಗೆ ಹೇಳುವುದು, ಹೆಸರಿಲ್ಲದಿದ್ದುದು ಅವಮಾನವಾಗಿದ್ದ ಹಾಗೆಯೇ ಮರೆಯೂ ಆಗಿತ್ತು ಎಂದು? ಹೆಸರು ಸಾರ್‌ದಾದ್ದರಿಂದ ತಪ್ಪೂ ಸಾರ್‌ದೇ ಎಂದುಕೊಂಡು ಮಂಗಳಮ್ಮ ಇಷ್ಟು ವರ್ಷ ನಿದ್ದೆ ಮಾಡಿದ್ದಳು.

"ಮೇಡಂ, ಇದು ನಮ್ಮ ಭೂಮಿಕ, ಫೈನಲ್ ಇಯರ್" ಎಂದು ಹರ್ಷಿತ ಒಬ್ಬಳನ್ನು ಮುಂದೆ ತಂದಳು. "ನಿಮ್ಮ ಚಿತ್ರ ಎಲ್ಲಾ ಇವಳೇ ವಿವರಿಸೋದು. ಭೂಮಿಕ, ನಲವತ್ತು, ನಲವತ್ತೊಂದು ಹೇಳಮ್ಮ." ಹುಡುಗಿ ಕೈಯಲ್ಲಿ ಸ್ಕೇಲು ಹಿಡಿದು ಪಾಠ ಒಪ್ಪಿಸಿದಳು: ಇವೆರಡೂ ಬಲಕ್ಕೆ ಸುತ್ತುವ ಬಳ್ಳಿಗಳು, ಎಲೆಯಿಂದ ಮಾತ್ರ ವ್ಯತ್ಯಾಸ ತಿಳಿಯಬೇಕು. ಆಮೇಲೆ ತಾನೇ ನಕ್ಕು, "ನಾನು ಫಸ್ಟು ತಪ್ಪು ಬರೆದುಬುಟ್ಟಿದ್ದೆ ಮೇಡಂ. ನಮ್ಮ ತೋಟದ ಬೇಲೀಲಿ ಕಹಿದು ಐತೆ, ಅದು ಎಡಕ್ಕೆ ಹೋಗಿರಂಗೆ ಕಂಡ್ತು. ಮ್ಯಾಮ್ ರೆಕಾರ್ಡಲ್ಲಿ ಹೊಡೆದಾಕಿ ಬುಕ್ ನೋಡು ಅಂದ್ರು. ಬುಕ್ ನೋಡಿ ತಿದ್ದಿದೆ" ಎಂದಳು. ತಿದ್ದಿದೆ ಎನ್ನುವಾಗ ಆ ಹುಡುಗಿಯ ಮುಖದಲ್ಲಿ ನಾಚಿಕೆಯೂ ಇತ್ತು, ತಿದ್ದಿಕೊಂಡ ಸಮಾಧಾನವೂ ಇತ್ತು. ಮಂಗಳಮ್ಮನಿಗೆ ಮೂವತ್ತನಾಲ್ಕು ವರ್ಷದ ಹಿಂದಿನ ದಿನ ನೆನಪಾಯಿತು. ಹೀಗೇ ಒಂದು ಹಾಲು. ಪುಸ್ತಕ ಬಿಡುಗಡೆಯ ದಿನ, ಹಾರ ತುರಾಯಿ ಎಲ್ಲ ಮುಗಿದ ಮೇಲೆ ಸಾರ್ ಮಂಚಮ್ಮನನ್ನೂ ವೇದಿಕೆಯ ಹತ್ತಿರ ಕರೆದು ಅವಳ ಕೈಗೆ ಒಂದು ಪ್ರತಿ ಕೊಟ್ಟಿದ್ದರು. ಅಕ್ಷರ ಬಾರದ ಮಂಚಮ್ಮ ಒಂದೊಂದೇ ಚಿತ್ರ ನೋಡಿ ತಲೆದೂಗುತ್ತ ಹೋಗಿ ನಲವತ್ತೊಂದರಲ್ಲಿ ನಿಂತಳು. "ಇದು ಇಂಗೆ ಸುತ್ತಲ್ಲ ಕಣಪ್ಪ." ಸಾರ್ ನಕ್ಕರು, "ನಿನ್ನ ಬುಕ್ಕು ತಲೆಕೆಳಗಾಗಿದೆಯೇನೋ ನೋಡು ಮಂಚಮ್ಮ" ಎಂದರು. ಮುಂದಿನ ಸಾಲಿನವರು ನಕ್ಕರು. ಅವಳು ನಿಜವಾಗಿಯೂ ಪುಸ್ತಕವನ್ನು ತಲೆಕೆಳಗು ಮಾಡಿ ನೋಡಿದಳು. ಬಳ್ಳಿಯನ್ನು ತಲೆಕೆಳಗು ಮಾಡಿದರೂ ಅದರ ಸುತ್ತು ಬದಲಾಗುವುದಿಲ್ಲ. ಅದು ಆ ಹಾಲಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. "ಆಗ್ಲೂ ಅಂಗೇ ಐತಲ್ಲ" ಎಂದಳು ಮಂಚಮ್ಮ. ಇನ್ನೂ ಹೆಚ್ಚು ನಗು. ಸಾರ್ ಮಂಗಳಮ್ಮನ ಕಡೆ ತಿರುಗಿದರು. "ಏನಮ್ಮ, ಗಿಡ ಮುಂದಿಟ್ಟುಕೊಂಡೇ ಬರೆದದ್ದು ತಾನೇ?" ಮಂಚಮ್ಮನೂ ತಿರುಗಿ ಅವಳನ್ನೇ ನೋಡಿದಳು. ಬೆಟ್ಟದಲ್ಲಿ ಬುತ್ತಿ ಬಿಚ್ಚುವಾಗ ನೋಡುತ್ತಿದ್ದಳಲ್ಲ, ಹಾಗೆಯೇ, ಪೂರಾ ನಂಬಿಕೆಯಿಂದ. "ಹೌದು ಸಾರ್" ಎಂದಳು ಮಂಗಳಮ್ಮ. ಮಂಚಮ್ಮ ಪುಸ್ತಕವನ್ನು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಚಪ್ಪಲಿ ಬಿಟ್ಟಿದ್ದ ಬಾಗಿಲ ಕಡೆ ನಡೆದಳು.

ಹರ್ಷಿತಳ ಕೋಣೆಯಲ್ಲಿ ಮಂಗಳಮ್ಮ ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದಳು. ಹರ್ಷಿತ ಕೇಳಿ ಮುಗಿಸಿ ಉಸಿರು ಬಿಟ್ಟಳು. "ಅಷ್ಟೇನಾ ಮೇಡಂ? ನಾನು ಏನೋ ಅಂದ್ಕೊಂಡೆ. ಸ್ಕ್ಯಾನ್ ಮಾಡಿದ್ದು ಕಂಪ್ಯೂಟರಲ್ಲೇ ಇದೆ, ಒಂದು ಸಲ ತಿರುಗಿಸಿದ್ರೆ ಸರಿಯಾಗುತ್ತೆ. ಭೂಮಿಕಂಗೆ ನಾನೇ ಹೇಳ್ತೀನಿ, ಪಾಪ. ಯಾರಿಗೂ ಗೊತ್ತಾಗಲ್ಲ." ಒಂದು ಗಳಿಗೆ ಮಂಗಳಮ್ಮನಿಗೆ ಎದೆ ಹಗುರಾಯಿತು. ಇಷ್ಟು ವರ್ಷ ಹೊತ್ತದ್ದು ಇಷ್ಟು ಸುಲಭದ್ದೇ? ಆದರೆ ಯಾರಿಗೂ ಗೊತ್ತಾಗಲ್ಲ ಎಂಬ ಮಾತು ಅವಳಿಗೆ ಒಪ್ಪಲಿಲ್ಲ. ಗೊತ್ತಿರುವವಳು ಒಬ್ಬಳು ಇದ್ದಾಳಲ್ಲ. ಚಿತ್ರದ ಕೆಳಗೆ ಒಂದು ಸಾಲು ಬರಲಿ, ಹಿಂದಿನ ಮುದ್ರಣದಲ್ಲಿ ಇದು ತಪ್ಪಾಗಿತ್ತು, ಅಂದೇ ಚಿನಕುರಳಿಯ ಮಂಚಮ್ಮ ತೋರಿಸಿಕೊಟ್ಟಿದ್ದರು ಅಂತ, ಎಂದಳು ಮಂಗಳಮ್ಮ. ಹರ್ಷಿತ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. "ಮೇಡಂ, ನಿಮ್ಮಿಂದ ಮುಚ್ಚಿಡಲ್ಲ. ಸಾರ್ ತೀರಿಕೊಂಡ ಮೇಲೆ ಪುಸ್ತಕದ ಹಕ್ಕು ಅವರ ಮಗ ದಿಲೀಪ್ ಹತ್ರ ಇದೆ. ನಿಮ್ಮ ಹೆಸರು ಹಾಕೋಕೇ ಆರು ತಿಂಗಳು ಕಾಡಿಸಿದ್ರು. ತಂದೆಯವರಿಗೆ ಕೆಟ್ಟ ಹೆಸರು ಬರೋ ಒಂದಕ್ಷರ ಇದ್ರೂ ಅಚ್ಚಿಗೆ ಕೊಡಲ್ಲ ಅಂತ ಬರೆದು ತಗೊಂಡಿದಾರೆ. ಆ ಸಾಲು ಬೇಕು ಅಂತ ಹಟ ಹಿಡಿದ್ರೆ ನಿಮ್ಮ ಹೆಸರೂ ಬರಲ್ಲ, ಪುಸ್ತಕಾನೂ ಬರಲ್ಲ. ಸುಮ್ನೆ ತಿರುಗಿಸಿಬಿಡೋಣ. ಈ ಹಾಳೆ ಸಂಜೆಯೊಳಗೆ ಕೊಡಿ, ಸಾಕು." ಹಾಳೆಯಲ್ಲಿ ಇದ್ದದ್ದು ಎರಡೇ ಸಾಲು: ಈ ಚಿತ್ರಗಳನ್ನು ನಾನೇ, ಗಿಡಗಳನ್ನು ಕಂಡಂತೆ ಬರೆದಿದ್ದೇನೆ. ಕೆಳಗೆ ಸಹಿಗೆ ಜಾಗ. ಸಂಜೆಯೊಳಗೆ ತರುತ್ತೇನೆ ಎಂದು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಚಿನಕುರಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಜಲ್ಲಿ ತುಂಬಿದ ಲಾರಿಗಳು ಎದುರಾದಾಗೆಲ್ಲ ಬಿಳಿ ದೂಳು ಎದ್ದು ಹಸಿರು ಸೀರೆಯ ಮೇಲೆ ಕೂರುತ್ತಿತ್ತು. ತಾನು ಹೋಗುತ್ತಿರುವುದು ಯಾಕೆಂದು ಅವಳಿಗೇ ನೆಟ್ಟಗೆ ಗೊತ್ತಿರಲಿಲ್ಲ. ಮಂಚಮ್ಮ ಬದುಕಿದ್ದಾಳೆಂದು ಹರ್ಷಿತ ಹೇಳಿದ್ದಳು. ಬದುಕಿರದಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಮನಸ್ಸಿಗೆ ಬಂತು, ಬಂದದ್ದಕ್ಕೆ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸಿತು. ಮಂಚಮ್ಮ ಬೈಯಬಹುದು, ಬೈದರೆ ಸಮಾಧಾನ. ಮರೆತಿರಬಹುದು; ಮರೆತಿದ್ದರೆ ಇನ್ನೂ ಸಮಾಧಾನ, ಕಾಲು ಮುಟ್ಟಿ ಬಂದು ಸಹಿ ಹಾಕಬಹುದು. ಹೆಸರಿನ ಆಸೆ ಎಷ್ಟು ನಾಜೂಕಾಗಿ ದಾರಿ ಹುಡುಕುತ್ತದೆ ಎಂದು ತನ್ನನ್ನೇ ದೂರ ನಿಂತು ನೋಡಿದಂತೆ ನೋಡಿದಳು. ಅರವತ್ತಮೂರು ವರ್ಷದಲ್ಲಿ ಅವಳ ಹೆಸರು ಅಚ್ಚಾದದ್ದು ಮದುವೆಯ ಕರೆಯೋಲೆಯಲ್ಲಿ ಒಂದು ಸಲ, ಗಂಡನ ತಿಥಿಯ ಕಾರ್ಡಿನಲ್ಲಿ ಒಂದು ಸಲ. ಆ ಅರವತ್ತು ಚಿತ್ರದಲ್ಲಿ ಐವತ್ತೊಂಬತ್ತು ಸರಿಯಿವೆ. ಗೌರಿಹೂವಿನ ಎಸಳಿನ ಅಲೆ, ಈಶ್ವರಬಳ್ಳಿಯ ಕೊಳವೆಯೊಳಗಿನ ಕೂದಲು, ಯಾವುದರಲ್ಲೂ ಯಾರೂ ಬೆರಳಿಡಲಾರರು. ಒಂದಕ್ಕಾಗಿ ಐವತ್ತೊಂಬತ್ತನ್ನೂ ಬಿಡಬೇಕೇ? ನ್ಯಾಯವಾಗಿಯೇ ಕೇಳುತ್ತಿದ್ದೇನೆ ಎನಿಸಿತು. ಬಸ್ಸು ನಿಂತಿತು.

ಹೆಂಚಿನ ಮನೆಯ ಜಗಲಿಯ ಮೇಲೆ ಕಾಲು ನೀಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದ ಮುದುಕಿಯನ್ನು ಗುರುತಿಸಲು ಮಂಗಳಮ್ಮನಿಗೆ ಹೊತ್ತು ಹಿಡಿಯಿತು. ಆ ಗಟ್ಟಿ ಮೈ ಎಲ್ಲಿ ಹೋಯಿತೋ. ಮಂಚಮ್ಮನಿಗೆ ಮಾತ್ರ ಹೊತ್ತು ಹಿಡಿಯಲಿಲ್ಲ. ಕೈಯನ್ನು ಹುಬ್ಬಿನ ಮೇಲಿಟ್ಟು ನೋಡಿ, "ಯಾರವ್ವ? ಡ್ರಾಯಿಂಗ್ ಮೇಡಮ್ಮೋರಲ್ವಾ ನೀವು? ಬನ್ನಿ, ಬನ್ನಿ. ಸಣ್ಣಗಾಗ್ಬುಟ್ಟಿದ್ದೀರಿ" ಎಂದಳು. ಒಳಗೆ ಪಾತ್ರೆ ತೊಳೆಯುತ್ತಿದ್ದ ಸೊಸೆಗೆ ಟೀ ಇಡಲು ಕೂಗಿದಳು. ಮಂಗಳಮ್ಮ ಜಗಲಿಯ ತುದಿಯಲ್ಲಿ ಕೂತು, ತಾನೂ ಒಂದು ಹಿಡಿ ಅವರೆಕಾಯಿ ಎಳೆದುಕೊಂಡಳು. ಏನೋ ಒಂದು ಮಾಡಲು ಕೈಗೆ ಬೇಕಿತ್ತು. ಬೆಟ್ಟದ ಮಾತು, ಸಾರ್ ಹೋದ ಮಾತು, ಮಂಡಿ ನೋವಿನ ಮಾತು ಬಂದು ಹೋದವು. ಈಗಲೂ ಬೆಟ್ಟಕ್ಕೆ ಹೋಗುತ್ತೀಯಾ, ಗೆಣಸು ಅಗೆಯುತ್ತೀಯಾ ಎಂದು ಮಂಗಳಮ್ಮ ಕೇಳಿದ್ದು ಮಾತಿಗೆ ಮಾತು ಅಷ್ಟೆ.

"ಅದೆಲ್ಲ ಬುಟ್ಟು ಎಸ್ಟೋ ವರ್ಸ ಆಯ್ತಲ್ಲವ್ವ" ಎಂದಳು ಮಂಚಮ್ಮ, ಸುಲಿಯುವುದು ನಿಲ್ಲಿಸದೆ. "ಆ ಬುಕ್ ಕೊಟ್ರಲ್ಲ, ಆವತ್ತಿಂದ್ಲೇ ಬುಟ್ಟೆ."

"ಯಾಕೆ? ಅವತ್ತು ಎಲ್ಲರೂ ನಕ್ಕರು ಅಂತ ಬೇಜಾರಾಯ್ತಾ?"

"ನಗಾರು ಏನ್ ಬುಡಿ, ನಗ್ತಾರೆ. ಅದ್ಕಲ್ಲ." ಮುದುಕಿ ಒಂದು ಕಾಳನ್ನು ಬೆರಳಲ್ಲಿ ಹಿಡಿದು ಅದು ಹುಳುಕೇ ಎಂದು ಕಣ್ಣಿನ ಹತ್ತಿರ ತಂದು ನೋಡಿದಳು. "ನೀವು ಗಿಡ ನೋಡ್ಕಂಡು ಬರೀತಿದ್ರಲ್ಲ, ನಾನ್ ಪಕ್ಕದಲ್ಲೇ ಕುಂತು ನೋಡಿವ್ನಿ. ಎಲೇಲಿ ಉಳ ತಿಂದ ತೂತ್ನೂ ಬ್ಯಾರೆ ಹಾಳೇಲಿ ಬರ್ದು ಮಡಿಕತಿದ್ರಿ. ಅಂಥೋರು ತಪ್ ಬರೀತಾರಾ? ಆವತ್ತು ನೀವು ಔದು ಅಂದ್ರಿ. ಆಗ ನಂಗೆ ಅನ್ನುಸ್ತು, ನಂಗೇ ಎಡ ಬಲ ಗೊತ್ತಾಯ್ತಿಲ್ಲ ಕಣೆ, ಕಣ್ಣೋ ತಲೇನೋ ಕೆಟ್ಟೋಯ್ತಾ ಅದೆ ಅಂತ. ಕಯ್ಯುದ್ನ ಸೀದು ಅನ್ಕಂಡು ಕಿತ್ಕಂಡ್ ಬಂದು ಮಕ್ಳಿಗೆ ಬೇಯ್ಸಿ ಆಕ್ಬುಟ್ರೆ? ಆಗ ನಮ್ ಮಗ ಇಸ್ಟುದ್ದ. ಭಯ ಬಿದ್ಬುಟ್ಟೆ ಕಣವ್ವ. ಗೆಣಸು ಮುಟ್ಟದ್ ಬುಟ್ಟೆ, ಸೊಪ್ಪು ಸದೆ ಕೀಳದೂ ಬುಟ್ಟೆ. ಸೊಸೆ ಬಂದ್ಮೇಲೆ ಕೇಳ್ತು, ಯೋಳ್ಕೊಡು ಅತ್ತೆ ಅಂತ. ನಂಗೇ ಸರ್ಯಾಗ್ ಗೊತ್ತಿಲ್ಲ, ನಿಂಗೇನ್ ಯೋಳ್ಕೊಡ್ಲಿ ಅಂದ್ಬುಟ್ಟೆ."

ಮಂಗಳಮ್ಮನ ಕೈ ನಿಂತಿತು. ಅವಳು ಅಪಮಾನಕ್ಕೆ, ಸಿಟ್ಟಿಗೆ, ಮರೆವಿಗೆ ಸಿದ್ಧಳಾಗಿ ಬಂದಿದ್ದಳು, ಇದಕ್ಕಲ್ಲ. ಮಂಚಮ್ಮ ಸಾರ್‌ನ ನಂಬಿರಲಿಲ್ಲ, ಪುಸ್ತಕವನ್ನು ನಂಬಿರಲಿಲ್ಲ, ನಗುವ ಜನವನ್ನಂತೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ನಂಬಿದ್ದು ಮಂಗಳಮ್ಮನ ಗೆರೆಯನ್ನು, ಮಂಗಳಮ್ಮನ ಹೌದನ್ನು. ಹಾಗೆ ನಂಬಿದ್ದಕ್ಕೆ ಒಂದು ಇಡೀ ಬೆಟ್ಟ ಅವಳ ತಲೆಯಿಂದ ಜಾರಿಹೋಯಿತು, ಸೊಸೆಗೂ ಸಿಗದೆ, ಯಾವ ಪುಸ್ತಕಕ್ಕೂ ಸಿಗದೆ. ಐವತ್ತೊಂಬತ್ತು ಸರಿಯಾದ ಚಿತ್ರಗಳ ನ್ಯಾಯ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಸ್ಸಿನಲ್ಲಿ ಅಷ್ಟೆಲ್ಲ ವಾದ ಮಾಡಿದ ಹೆಂಗಸಿನ ಮೇಲೆ ಅವಳಿಗೆ ತಿರಸ್ಕಾರ ಹುಟ್ಟಿತು. ಬ್ಯಾಗು ತೆರೆದು ಹಾಳೆ ತೆಗೆದಳು. ಪೆನ್ನು ಹುಡುಕಲು ಕನ್ನಡಕದ ಡಬ್ಬಿ, ಕರವಸ್ತ್ರ, ಬಸ್ಸಿನ ಟಿಕೆಟ್ಟು ಎಲ್ಲ ಜಗಲಿಯ ಮೇಲೆ ಸುರಿಯಬೇಕಾಯಿತು. 'ಗಿಡಗಳನ್ನು ಕಂಡಂತೆ ಬರೆದಿದ್ದೇನೆ' ಎಂಬುದರ ಕೆಳಗೆ, ಹೈಸ್ಕೂಲಿನ ಬೋರ್ಡಿನ ಮೇಲೆ ಬರೆಯುತ್ತಿದ್ದ ದುಂಡು ಅಕ್ಷರದಲ್ಲಿ ಬರೆದಳು. ಬರೆದು ಸಹಿ ಹಾಕಿದಳು. ಈ ಹಾಳೆ ನೋಡಿದ ಮೇಲೆ ದಿಲೀಪ್ ಪುಸ್ತಕವನ್ನು ಅಚ್ಚಿಗೆ ಕಳಿಸುವುದಿಲ್ಲ, ಹರ್ಷಿತಳ ಆರು ತಿಂಗಳ ಓಡಾಟ ಮಣ್ಣುಪಾಲು, ಹೆಸರು ಬರುವುದಿಲ್ಲ. ಗೊತ್ತಿದ್ದೇ ಸಹಿ ಹಾಕಿದಳು. ಹರ್ಷಿತಳನ್ನು ನೆನೆದು ಮಾತ್ರ ಸಂಕಟವಾಯಿತು.

"ಏನವ್ವ ಅದು ಬರ್ದಿದ್ದು?" ಮಂಚಮ್ಮ ಕೇಳಿದಳು. ಮಂಗಳಮ್ಮ ಓದಿದಳು. "ನಲವತ್ತೊಂದನೇ ಚಿತ್ರ ತಪ್ಪು. ಕಂಡಂತೆ ಬರೆದು, ಆಮೇಲೆ ಪುಟ ಚೆಂದ ಕಾಣಲಿ ಎಂದು ಹಾಳೆ ಮಗುಚಿದವಳು ನಾನು. ಪುಸ್ತಕ ಬಿಡುಗಡೆಯ ದಿನವೇ ಚಿನಕುರಳಿಯ ಮಂಚಮ್ಮ ಇದನ್ನು ಕಂಡು ಹೇಳಿದರು. ಅವರು ಹೇಳಿದ್ದು ಸರಿಯೆಂದು ಗೊತ್ತಿದ್ದೂ ನಾನು ಸುಳ್ಳು ಹೇಳಿದೆ."

ಮಂಚಮ್ಮ ಅವರೆಕಾಯಿಯ ಮೊರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಬೈಯುತ್ತಾಳೆ ಎಂದು ಮಂಗಳಮ್ಮ ಕಾದಳು, ಬೈಯಲಿ ಎಂದೂ ಕಾದಳು. ಮುದುಕಿ ಬಹಳ ಹೊತ್ತು ತನ್ನ ಎರಡು ಅಂಗೈಗಳನ್ನು ನೋಡಿಕೊಂಡಳು, ಮೊದಲು ಎಡದ್ದು, ಆಮೇಲೆ ಬಲದ್ದು.

"ಅಂಗಾರೆ ನಂಗೆ ಸರ್ಯಾಗೇ ಕಂಡಿತ್ತಾ?"

"ಸರಿಯಾಗೇ ಕಂಡಿತ್ತು ಮಂಚಮ್ಮ." ಮಂಗಳಮ್ಮನ ದನಿ ಅವಳ ಬಾಯಿಂದ ಆಚೆಗೆ ಅಷ್ಟೇನೂ ಹೋಗಲಿಲ್ಲ.

ಮಂಚಮ್ಮ ಒಳಬಾಗಿಲ ಕಡೆ ಕತ್ತು ಹೊರಳಿಸಿದಳು. ಒಳಗೆ ಇನ್ನೂ ಪಾತ್ರೆಯ ಸದ್ದು. "ಇನ್ನೊಂದಪ ಯೋಳಿ" ಎಂದಳು. "ಗಟ್ಟಿಯಾಗ್ ಯೋಳಿ ಮೇಡಮ್ಮೋರೆ. ನಮ್ ಸೊಸೆಗೂ ಕೇಳ್ಲಿ."

ಮಂಗಳಮ್ಮ ಎದ್ದು ನಿಂತು, ಹೊಸಿಲ ಹತ್ತಿರ ಹೋಗಿ, ನೀರಿನ ಸದ್ದನ್ನೂ ದಾಟಿ ಕೇಳುವಂತೆ ಇನ್ನೊಮ್ಮೆ ಹೇಳಿದಳು.